‘ಹಾಲು ಬತ್ತ್ಯಾವ್ರಿ’ ಅನ್ನುವ ತಾಯಂದಿರ ಜೊತೆ ಕೆಲಸ ಮಾಡುವವರಿಗೆ

ಬಾಗಲಕೋಟೆ, ವಿಜಯಪುರ ಕಡೆಯ ತಾಯಿ-ಮಕ್ಕಳ ವಾರ್ಡಿನಲ್ಲಿ ಈ ಮಾತು ಮತ್ತೆ ಮತ್ತೆ ಕಿವಿಗೆ ಬೀಳುತ್ತದೆ: ‘ಹಾಲು ಬತ್ತ್ಯಾವ್ರಿ, ಇನ್ನ ಬರಂಗಿಲ್ಲ.’ ಹುಟ್ಟಿದ ಕೂಡಲೇ ಕೂಸು ನವಜಾತ ಶಿಶುಗಳ ವಿಶೇಷ ಆರೈಕೆ ಘಟಕವಾದ ಎಸ್‌ಎನ್‌ಸಿಯು ಸೇರಿರುತ್ತದೆ, ಇಲ್ಲವೇ ತಾಯಿಯ ಎದೆಯಲ್ಲಿ ಕೀವು ಆಗಿರುತ್ತದೆ, ಇಲ್ಲವೇ ತಾಯಿ ಕಬ್ಬು ಕಡಿಯುವ ಗ್ಯಾಂಗಿನ ಜೊತೆ ಹೋಗಿ ಕೂಸು ಅಜ್ಜಿಯ ಕೈಯಲ್ಲಿ ಬಾಟ್ಲಿಗೆ ಬಿದ್ದಿರುತ್ತದೆ. ಹಾಲು ಹೊರಗೆ ಹೋಗದಿದ್ದರೆ ಎದೆ ಹಾಲು ಮಾಡುವುದನ್ನು ಕಡಿಮೆ ಮಾಡುತ್ತ ಬಂದು ನಿಲ್ಲಿಸುತ್ತದೆ. ಕೂಸು ಮತ್ತೆ ಚೀಪತೊಡಗಿದರೆ ಹಾಲು ಮಾಡಿಸುವ ಹಾರ್ಮೋನು ಪ್ರೊಲ್ಯಾಕ್ಟಿನ್ ಏರಿ ಹಾಲು ಮರಳುತ್ತದೆ. ವಾರಗಟ್ಟಲೆ ನಿಂತಿದ್ದರೂ ಸಾಧ್ಯ. ಎರಡು ತಿಂಗಳೊಳಗಿನ ಕೂಸಾದರೆ ಬೇಗ, ಆರು ತಿಂಗಳು ದಾಟಿದ್ದರೆ ನಿಧಾನ.

ಬಂದ ತಾಯಿಯ ಎದೆ ಹಿಂಡಿ ‘ಹಾಲು ಬರ್ತಾವೇನು’ ಎಂದು ನೋಡಬೇಡಿ. ಹನಿ ಬರದಿದ್ದರೆ ಅವಳ ಧೈರ್ಯ ಅಲ್ಲೇ ಮುಗಿಯಿತು. ಕೂಸು ಎದೆಗೆ ಬಾಯಿ ಹಾಕುತ್ತದೋ ಇಲ್ಲವೋ, ಅದನ್ನು ನೋಡಿ. ಹಸಿದು ಚೀರುವಾಗ ಅಲ್ಲ, ನಿದ್ದೆಯಿಂದ ಆಗತಾನೆ ಏಳುವಾಗ ಹಚ್ಚಿ. ಬಾಟ್ಲಿ ಕಂಡ ಕೂಸು ಬಾಯಿ ಸಣ್ಣದಾಗಿ ತೆರೆದು ತೊಟ್ಟನ್ನಷ್ಟೇ ಹಿಡಿಯುತ್ತದೆ. ತಾಯಿಗೆ ನೋವು, ಕೂಸಿಗೆ ಏನೂ ಸಿಗುವುದಿಲ್ಲ. ಬಾಯಿ ದೊಡ್ಡದಾಗಿ ತೆರೆಯಬೇಕು, ಕೆಳತುಟಿ ಹೊರಗೆ ಮಡಚಿರಬೇಕು, ಗದ್ದ ಎದೆಗೆ ತಾಗಿರಬೇಕು. ದಿನಕ್ಕೆ 8ರಿಂದ 12 ಸಲ. ರಾತ್ರಿ ಪ್ರೊಲ್ಯಾಕ್ಟಿನ್ ಹೆಚ್ಚಿರುವುದರಿಂದ ರಾತ್ರಿಯ ಸಲಗಳನ್ನು ಬಿಡಲೇಬಾರದು.

ಖಾಲಿ ಎದೆಯನ್ನು ಯಾವ ಕೂಸೂ ಬಹಳ ಹೊತ್ತು ಚೀಪುವುದಿಲ್ಲ. ಅದಕ್ಕೇ ನಳಿಕೆಯ ಉಪಾಯ. ಔಷಧಿ ಅಂಗಡಿಯಲ್ಲಿ ಸಿಗುವ ಸಣ್ಣ ಫೀಡಿಂಗ್ ಟ್ಯೂಬ್, 5ರಿಂದ 8 ನಂಬರಿನದು, ಸಾಕು. ತುದಿಯ ಪಕ್ಕದಲ್ಲಿ ತೂತುಗಳಿರುತ್ತವೆ. ಅವುಗಳಿಂದ ಸುಮಾರು 1 ಸೆಂ.ಮೀ. ಹಿಂದಕ್ಕೆ ಕತ್ತರಿಸಿ ತೆಗೆಯಿರಿ, ಇಲ್ಲವಾದರೆ ಗಾಳಿ ಎಳೆದು ಹಾಲು ಏರುವುದಿಲ್ಲ. ಕತ್ತರಿಸಿದ ತುದಿ ತೊಟ್ಟಿನ ಮಟ್ಟಕ್ಕೆ ಬರುವಂತೆ ಎದೆಗೆ ಟೇಪು ಹಚ್ಚಿ, ಇನ್ನೊಂದು ತುದಿ ಮೇಲಿನ ಹಾಲಿನ (ಡಬ್ಬಿ ಹಾಲಿನಂಥ, ಎದೆಹಾಲಿನ ಬದಲು ಕೊಡುವ ಹಾಲಿನ) ಲೋಟದಲ್ಲಿರಲಿ. ಮೊದಮೊದಲು ಲೋಟ ತೊಟ್ಟಿಗಿಂತ 5ರಿಂದ 10 ಸೆಂ.ಮೀ. ಕೆಳಗೆ, ಕೂಸಿಗೆ ಬಲ ಬಂದ ಮೇಲೆ 30 ಸೆಂ.ಮೀ. ತನಕ ಇಳಿಸಬಹುದು. ಲೋಟ ಎತ್ತಿದರೆ ಹಾಲು ಜೋರು, ಇಳಿಸಿದರೆ ನಿಧಾನ. ಐದೇ ನಿಮಿಷದಲ್ಲಿ ಲೋಟ ಖಾಲಿಯಾದರೆ ಎದೆಗೆ ಕೆಲಸ ಸಿಕ್ಕಿಲ್ಲ ಎಂದರ್ಥ. ಒಂದು ಸಲಕ್ಕೆ ಸುಮಾರು ಅರ್ಧ ತಾಸು ಹಿಡಿಯುವಂತೆ ನಳಿಕೆಯನ್ನು ಬೆರಳಲ್ಲಿ ಒತ್ತಿ ಹಿಡಿಯಿರಿ. ಬಳಸಿದ ಕೂಡಲೇ ಸಿರಿಂಜಿನಿಂದ ಬಿಸಿ ಸಾಬೂನು ನೀರು, ಆಮೇಲೆ ಕುದಿಸಿದ ನೀರು ಹಾಯಿಸಬೇಕು. ಒಳಗೆ ಹಾಲಿನ ಜಿಡ್ಡು ಕುಳಿತ ನಳಿಕೆಯಿಂದ ಕೂಸಿಗೆ ಭೇದಿ ಆಗಬಹುದು.

ಕೂಸು ಎದೆಯನ್ನು ಒಲ್ಲೆ ಅಂದರೆ ಎರಡು-ಮೂರು ತಾಸಿಗೊಮ್ಮೆ ಕೈಯಿಂದ ಹಿಂಡಿ ತೆಗೆಯಬೇಕು, ಬಂದಷ್ಟನ್ನು ಒಳಲೆಯಲ್ಲಿ ಕುಡಿಸಬೇಕು. ಬಾಟ್ಲಿ ಮಾತ್ರ ಬೇಡ.

ಅತಿ ಹೆಚ್ಚು ಕೆಡುವುದು ಮೇಲಿನ ಹಾಲು ಇಳಿಸುವಾಗ. ಹುರುಪಿನಲ್ಲಿ ಒಮ್ಮೆಲೇ ನಿಲ್ಲಿಸಿದರೆ ಕೂಸು ಸೊರಗುತ್ತದೆ, ಸೊರಗಿದ ಕೂಸು ಚೀಪುವುದಿಲ್ಲ, ಹಾಲೂ ಬರುವುದಿಲ್ಲ. ಲೆಕ್ಕ ಹೀಗೆ: ಒಂದು ಕಿಲೋ ತೂಕಕ್ಕೆ ದಿನಕ್ಕೆ 150 ಮಿ.ಲೀ. 4 ಕಿಲೋ ಕೂಸಿಗೆ 600, ಅಂದರೆ 10 ಸಲಕ್ಕೆ 60ರಂತೆ. ನುಂಗುವ ಸದ್ದು ಕೇಳತೊಡಗಿ, ಲೋಟದಲ್ಲಿ ಹಾಲು ಉಳಿಯತೊಡಗಿದ ಮೇಲೆ ಒಂದೊಂದು ಸಲದಲ್ಲಿ 5 ಮಿ.ಲೀ. ಕಡಿಮೆ ಮಾಡಿ, ದಿನಕ್ಕೆ 50 ಇಳಿದಂತಾಯಿತು. ಕೆಲವು ದಿನ ಅಷ್ಟಕ್ಕೇ ನಿಲ್ಲಿಸಿ ತೂಕ ನೋಡಿ. ವಾರಕ್ಕೆ ಕನಿಷ್ಠ 125 ಗ್ರಾಂ ಏರಿದ್ದು, ದಿನಕ್ಕೆ ಆರು ಸಲವಾದರೂ ಉಚ್ಚೆ ಹೊಯ್ದಿದ್ದರೆ ಮತ್ತೆ 50 ಇಳಿಸಿ. ಇಲ್ಲವಾದರೆ ಹಿಂದಿನ ಅಳತೆಗೆ ಮರಳಿ. ಡಬ್ಬಿ ಪುಡಿಗೆ ನೀರು ಹೆಚ್ಚು ಬೆರೆಸಿ ‘ಕಡಿಮೆ ಮಾಡೇವಿ’ ಅನ್ನುವ ಮನೆಗಳಿವೆ. ಅಳತೆ ಕಡಿಮೆ ಮಾಡಬೇಕು, ಗಟ್ಟಿತನವನ್ನಲ್ಲ ಎಂದು ತಾಯಿಗೆ, ಅತ್ತೆಗೆ, ಇಬ್ಬರಿಗೂ ಬಿಡಿಸಿ ಹೇಳಿ.

ತಾಯಿ ಗರ್ಭ ತಡೆಯುವ ಯಾವ ಗುಳಿಗೆ ನುಂಗುತ್ತಿದ್ದಾಳೆ ಎಂದೂ ಕೇಳಿ. ಮಾಲಾ-ಎನ್‌ನಲ್ಲಿರುವ ಈಸ್ಟ್ರೊಜೆನ್ ಹಾರ್ಮೋನು ಹಾಲನ್ನು ಕಡಿಮೆ ಮಾಡುತ್ತದೆ. ಈಸ್ಟ್ರೊಜೆನ್ ಇಲ್ಲದ ಛಾಯಾ ಗುಳಿಗೆಗೆ ಅಥವಾ ಕಾಪರ್-ಟಿಗೆ ಬದಲಾಯಿಸುವ ಬಗ್ಗೆ ಡಾಕ್ಟರರ ಜೊತೆ ಮಾತಾಡಿಸಿ. ಹಾಲು ಬರಿಸುವ ಗುಳಿಗೆಯನ್ನು ತಾವೇ ಅಂಗಡಿಯಿಂದ ತಂದು ನುಂಗಬಾರದು. ಚೀಪಿಸದೆ ಅದರಿಂದ ಏನೂ ಆಗುವುದಿಲ್ಲ, ಕೆಲವರಿಗೆ ಎದೆಬಡಿತ ಏರುಪೇರಾಗುತ್ತದೆ. ಅಳ್ವಿ ಪಾಯಸ, ಅಂಟಿನ ಉಂಡಿ, ಸಬ್ಬಸಗಿ ಪಲ್ಯ ಉಣ್ಣಲಿ, ಬಾಣಂತಿಗೆ ಊಟ ಬೇಕೇ ಬೇಕು. ಆದರೆ ಅಡುಗೆ ಮಾಡುವವಳು ಅವಳೇ ಆದರೆ ಹತ್ತು ಸಲ ಕೂಸು ಹಚ್ಚಲು ಅವಳಿಗೆ ಹೊತ್ತೆಲ್ಲಿ? ಸಾಮಾನ್ಯವಾಗಿ ಕೆಲವು ದಿನಗಳಲ್ಲಿ ಹನಿ, ಒಂದೆರಡು ವಾರಗಳಲ್ಲಿ ಒಂದು ಮಟ್ಟಕ್ಕೆ ಹಾಲು ಬರುತ್ತವೆ. ಅಷ್ಟು ದಿನ ರೊಟ್ಟಿ ಬಡಿಯುವುದು, ನೀರು ತರುವುದು, ದನಕ್ಕೆ ಮೇವು ಹಾಕುವುದು ಬೇರೆಯವರ ಪಾಲಿಗೆ ಎಂದು ಮನೆಯವರನ್ನು ಕೂರಿಸಿಕೊಂಡೇ ಮಾತಾಡಬೇಕು. ಗಂಡನೂ ಆ ಮಾತಿನಲ್ಲಿರಲಿ.

ಕೆಲವರಿಗೆ ಪೂರ್ತಿ ಹಾಲು ಬರುವುದಿಲ್ಲ. ಅರ್ಧ ಎದೆಹಾಲು, ಅರ್ಧ ಲೋಟದ ಹಾಲು ಕುಡಿದ ಕೂಸಿಗೂ ಲಾಭವಿದೆ, ತಾಯಿ ಸೋತಳೆಂದು ಯಾರೂ ಅನ್ನಬಾರದು. ಎಚ್‌ಐವಿ ಇರುವ ತಾಯಿಯಾದರೆ ಅದರ ಔಷಧಿ ಕೊಡುವ ಎಆರ್‌ಟಿ ಕೇಂದ್ರದ ಡಾಕ್ಟರರನ್ನು ಕೇಳದೆ ಶುರು ಮಾಡಿಸಬೇಡಿ. ಕೂಸು ಎಬ್ಬಿಸಿದರೂ ಏಳದೆ ಮಂಕಾಗಿದ್ದರೆ, ಇಲ್ಲವೇ ಆರು ತಾಸಿನಿಂದ ಉಚ್ಚೆ ಹೊಯ್ಯದಿದ್ದರೆ, ಲೆಕ್ಕ ಬದಿಗಿಟ್ಟು ಆಗಲೇ ಆಸ್ಪತ್ರೆಗೆ ಕಳಿಸಿ.