ಮಾರ್ಕ್ ಹಾಲಿಸ್‌ನ ಒಂಟಿ ಆಲ್ಬಮ್

ನಿನ್ನೆ ರಾತ್ರಿ ಎಲ್ಲರೂ ಮಲಗಿದ ಮೇಲೆ, ಬ್ರಿಟನ್ನಿನ ಟಾಕ್ ಟಾಕ್ ತಂಡದ ಮುಖ್ಯ ಗಾಯಕನಾಗಿದ್ದ ಮಾರ್ಕ್ ಹಾಲಿಸ್ 1998ರಲ್ಲಿ ತನ್ನದೇ ಹೆಸರಿನಲ್ಲಿ ಹೊರತಂದ ಏಕೈಕ ಆಲ್ಬಮನ್ನು ಬಹಳ ವರ್ಷಗಳ ನಂತರ ಮತ್ತೆ ಕೇಳಿದೆ. ಮೊದಲ ಹಾಡಿಗೂ ಮುನ್ನ ಸುಮಾರು 20 ಸೆಕೆಂಡುಗಳಷ್ಟು ಬರೀ ಮೌನವಿದೆ. ಹಿಂದೊಮ್ಮೆ ಇಯರ್‌ಫೋನ್ ಕೆಟ್ಟಿದೆಯೆಂದು ಭಾವಿಸಿ ವೈರನ್ನು ತಿರುಚಿ ನೋಡಿದ್ದೆ. ಎಂಬತ್ತರ ದಶಕದಲ್ಲಿ ಸಿಂಥಸೈಜರ್‌ನ ಅಬ್ಬರದಿಂದಲೇ ಹೆಸರಾದ ತಂಡದವನು ಇಲ್ಲಿ ಪಿಯಾನೊ, ಗಿಟಾರ್, ಕ್ಲಾರಿನೆಟ್, ಹಾರ್ಮೋನಿಯಂನಂಥ ವಾದ್ಯಗಳನ್ನಷ್ಟೇ ಇಟ್ಟುಕೊಂಡು, ಕೋಣೆಯಲ್ಲಿ ಎರಡೇ ಮೈಕುಗಳನ್ನು ನಿಲ್ಲಿಸಿ ಧ್ವನಿಮುದ್ರಿಸಿದ್ದರಿಂದ, ಗಾಯಕನ ಉಸಿರೂ ನಮ್ಮ ಪಕ್ಕದಲ್ಲೇ ಕೇಳಿಸುತ್ತದೆ. ಮೊದಲ ಮಹಾಯುದ್ಧದಲ್ಲಿ ಮಡಿದ ತರುಣನೊಬ್ಬನನ್ನು ನೆನೆಯುವ ‘ಎ ಲೈಫ್ (1895–1915)’ ಎಂಟು ನಿಮಿಷಗಳ ಹಾಡು. ಆ ಬದುಕಿನ ಅವಧಿಯೇ ಶೀರ್ಷಿಕೆಯಲ್ಲಿರುವುದರಿಂದ ಹಾಡಿಗೆ ಹೆಚ್ಚು ಮಾತು ಬೇಕಾಗಿಲ್ಲ. ಇಪ್ಪತ್ತರ ವಯಸ್ಸಿನಲ್ಲಿ ಇದೆಲ್ಲ ನಿದ್ದೆ ಬರಿಸುವ ಸಂಗೀತವೆಂದು ನಾನು ತಳ್ಳಿಹಾಕಿದ್ದೆ, ಮತ್ತು ಟಾಕ್ ಟಾಕ್‌ನ ಕೊನೆಯ ಆಲ್ಬಮುಗಳನ್ನು ಹೊಗಳುವವರೂ ಇದನ್ನು ಅವುಗಳ ಬಾಲದಂತೆ ಕಾಣುವುದುಂಟು. ಈಗ ನನಗೆ ಇದೇ ಅವೆಲ್ಲಕ್ಕಿಂತ ಹೆಚ್ಚು ಧೈರ್ಯದ ಕೆಲಸವೆನಿಸುತ್ತದೆ. ಇದಾದ ಮೇಲೆ ಹಾಲಿಸ್ ಹೆಚ್ಚುಕಡಿಮೆ ಸಂಗೀತದಿಂದಲೇ ದೂರ ಸರಿದು, 2019ರ ಫೆಬ್ರವರಿಯಲ್ಲಿ ತೀರಿಕೊಂಡ. ಕೊನೆಯ ಹಾಡು ಮುಗಿದ ಮೇಲೂ ಮೌನ ಮುಂದುವರಿಯಿತು. ಅಡುಗೆಮನೆಯ ಫ್ರಿಜ್ಜಿನ ಗುಂಯ್‌ಗುಡುವಿಕೆ ಕೇಳುವವರೆಗೂ ಆಲ್ಬಮ್ ಮುಗಿದದ್ದು ನನಗೆ ತಿಳಿಯಲಿಲ್ಲ.