ಚಿಪ್ಪಗಿರಿ ಆರಾಧನೆಗೆ ಹೋಗೋರು ದಶಮಿ ರಾತ್ರಿ ಅಲ್ಲೇ ಉಳೀರಿ

ಹೋದ ಕಾರ್ತಿಕದಾಗ ಅತ್ತಿ ಜೊತೆ ಚಿಪ್ಪಗಿರಿಗೆ ಹೋಗಿ ಬಂದೆ, ಹರಿದಾಸರಾದ ವಿಜಯದಾಸರ ಆರಾಧನೆಗೆ, ಅಂದ್ರ ಅವರು ದೇಹ ಬಿಟ್ಟ ತಿಥಿಗೆ. ಅವಾಗಿಂದ ಬೆಂಗಳೂರು, ಮೈಸೂರು ಕಡೆ ಇರೋ ನಮ್ಮೋರು ಹೆಂಗ್ ಹೋಗೋದು, ಎಲ್ಲಿ ಉಳ್ಕೊಳ್ಳೋದು, ಹಾಡು ಯಾವ ಹೊತ್ತಿಗೆ ಚಲೋ ಇರ್ತದ ಅಂತ ಕೇಳ್ತಾನೇ ಇದ್ದಾರ, ಅದಕ್ಕ ಎಲ್ಲಾ ಒಂದೇ ಕಡೆ ಬರ್ದುಬಿಡ್ತೀನಿ. ನಾವು ಆದೋನಿಯೋರು, ಮನ್ಯಾಗ ಕನ್ನಡ, ಬಾಗಿಲು ದಾಟಿದ್ರ ತೆಲುಗು, ನಮಗ ಈ ಊರು ಹತ್ರ, ಆದ್ರೂ ನಾನು ಮೂರು ಸಲ ಹೋಗಿ ಮೂರು ಸಲಾನೂ ಮಧ್ಯಾಹ್ನ ಊಟ ಮಾಡ್ಕೊಂಡು ಸಂಜಿಗೆ ವಾಪಸ್ ಬಂದಿದ್ದೆ. ನಾಕನೇ ಸಲ ಉಳಿದೆ. ಇಷ್ಟು ವರ್ಷ ಏನ್ ಕಳ್ಕೊಂಡಿದ್ದೆ ಅಂತ ಅವತ್ತೇ ಗೊತ್ತಾಗಿದ್ದು.

ಮೊದಲು ದಿನ ತಿಳ್ಕೊಳ್ರಿ. ಕಾರ್ತಿಕ ಶುದ್ಧ ದಶಮಿ, ಅಂದ್ರ ದೀಪಾವಳಿ ಅಮಾವಾಸ್ಯೆ ಆದ ಹತ್ತನೇ ದಿನ. ಇಂಗ್ಲಿಷ್ ತಾರೀಖು ವರ್ಷಾ ವರ್ಷಾ ಹಿಂದ ಮುಂದ ಆಗ್ತದ, ಅಕ್ಟೋಬರ್ ಕೊನಿಗೂ ಬರಬಹುದು ನವೆಂಬರ್ ನಡುವೂ ಬರಬಹುದು, ಪಂಚಾಂಗ ನೋಡಿ ಟಿಕೆಟ್ ಮಾಡ್ಸ್ರಿ. ದಾಸರ ಹಾಡಿಗೆ ಒಂದು ಸೀಸನ್ನೇ ಅದ ಅನ್ಬಹುದು, ಭಾದ್ರಪದ ಶುದ್ಧ ನವಮಿಗೆ ಮಾನ್ವಿಯಲ್ಲಿ ಜಗನ್ನಾಥದಾಸರು, ಕಾರ್ತಿಕಕ್ಕ ಚಿಪ್ಪಗಿರಿ, ಪುಷ್ಯ ಅಮಾವಾಸ್ಯೆಗೆ ಪುರಂದರದಾಸರು. ಒಂದೇ ಹೋಗ್ಲಿಕ್ಕೆ ಆಗ್ತದ ಅನ್ನೋರಿಗೆ ನಾನು ಚಿಪ್ಪಗಿರಿ ಅಂತೀನಿ, ಯಾಕಂದ್ರ ಊರು ಸಣ್ಣದು, ಹಾಡೋರಿಗೂ ಕೇಳೋರಿಗೂ ನಡುವೆ ಅಂತರ ಇಲ್ಲ.

ದಾರಿ ಸುಲಭ. ಗುಂಟಕಲ್ ಜಂಕ್ಷನ್‌ಗೆ ಬೆಂಗಳೂರಿಂದಲೂ ಬಳ್ಳಾರಿಯಿಂದಲೂ ರೈಲು ಅದಾವ. ಅಲ್ಲಿಂದ ಚಿಪ್ಪಗಿರಿ ದೂರ ಏನಿಲ್ಲ, ಆಟೋ ಸಿಗ್ತಾವ, ಬಸ್ಸೂ ಅದ. ಗುಂಟಕಲ್ ಅನಂತಪುರ ಜಿಲ್ಲೆ, ಚಿಪ್ಪಗಿರಿ ಕರ್ನೂಲು ಜಿಲ್ಲೆ. ಬಸ್ ಬೋರ್ಡು ತೆಲುಗಿನ್ಯಾಗ ಇರ್ತದ, ಹೆದರಬ್ಯಾಡ್ರಿ, ಕನ್ನಡ ಓದೋರಿಗೆ ಅರ್ಧಕ್ಕಿಂತ ಜಾಸ್ತಿ ತಿಳೀತದ, ತಲೆಕಟ್ಟು ನಮ್ಮದು ಅಡ್ಡ ಗೀಟು, ಅವರದು ಟಿಕ್ ಹಾಕಿದಂಗ, ಅಷ್ಟೇ ಕಣ್ಣಿಗೆ ರೂಢಿ ಆಗಬೇಕು. ಆಟೋದವರ ಹತ್ರ ಹೋಗೋದಕ್ಕೂ ಬರೋದಕ್ಕೂ ಎರಡಕ್ಕೂ ಸೇರಿಸಿ ಮೊದಲೇ ರೇಟ್ ಮಾತಾಡ್ರಿ, ಅವರ ಫೋನ್ ನಂಬರೂ ಇಸ್ಕೊಳ್ರಿ, ಸಂಜಿ ಮ್ಯಾಲೆ ಅಲ್ಲಿ ನಿಂತು ಗಾಡಿ ಹುಡುಕೋದು ಕಷ್ಟ. ಸ್ವಂತ ಕಾರಿನ್ಯಾಗ ಆದೋನಿ, ಆಲೂರು ಕಡಿಂದ ಬರೋರು ಹಗಲು ಹೊತ್ತಿನಲ್ಲೇ ಬರ್ರಿ, ಅವಾಗ ಹತ್ತಿ ಬಿಡಿಸೋ ಕಾಲ, ಹತ್ತಿ ತುಂಬಿದ ಗಾಡಿಗಳು ರೋಡ್ ತುಂಬಾ ಅಗಲ ಆಗಿ ಹೋಗ್ತಿರ್ತಾವ. ಮಳಿ ಬಂದಿದ್ರ ಕಾರನ್ನ ಡಾಂಬರಿನಿಂದ ಕೆಳಗ ಇಳಿಸಲೇಬ್ಯಾಡ್ರಿ, ಎಲ್ಲಾ ಎರಿ ಭೂಮಿ, ಚಕ್ರಕ್ಕ ಹತ್ತಿಕೊಂಡ್ರ ಬಿಡಂಗಿಲ್ಲ.

ಉಳಿಯೋ ವಿಷಯಕ್ಕ ನಮಗ ಸ್ವಲ್ಪ ಪೆಟ್ಟಾಯ್ತು. ಗುಂಟಕಲ್‌ನ್ಯಾಗ ಒಂದು ಲಾಡ್ಜಿಗೆ ಅಡ್ವಾನ್ಸ್ ಕಳಿಸಿದ್ವಿ, ನವಮಿ ಸಂಜಿ ಹೋದ್ರ ರೂಮ್ ಬೇರೆಯವರಿಗೆ ಕೊಟ್ಟುಬಿಟ್ಟಾರ, ಅಡ್ವಾನ್ಸ್ ವಾಪಸ್ ಇಸ್ಕೊಳ್ಳೋಕೆ ಒಂದು ತಾಸು ನಿಂತ್ವಿ, ಅತ್ತಿಗೆ ಎಪ್ಪತ್ತು ದಾಟ್ಯದ, ಪಾಪ ಆಕಿ ಚೀಲದ ಮ್ಯಾಲೆ ಕೂತಿದ್ಳು. ಆರಾಧನೆ ದಿನಗಳಲ್ಲಿ ಅಡ್ವಾನ್ಸ್ ಕೊಟ್ರೂ ಹಿಂದಿನ ದಿನ ಫೋನ್ ಮಾಡಿ ಇನ್ನೊಂದು ಸಲ ಗಟ್ಟಿ ಮಾಡ್ಕೊಳ್ರಿ. ನವಮಿ ಒಂದು ರಾತ್ರಿಗೆ ರೂಮ್ ಸಾಕು, ದಶಮಿ ರಾತ್ರಿ ಚಾಪಿ, ದಪ್ಪ ಶಾಲು, ಒಂದು ಸಣ್ಣ ಬ್ಯಾಟರಿ ತಗೊಂಡು ಗುಡಿ ಹತ್ರನೇ ಇದ್ದುಬಿಡ್ರಿ. ಬೆಳಗಿನ ಜಾವ ಥಂಡಿ ಇರ್ತದ.

ಊಟ ಗುಡಿಯಲ್ಲೇ ಆಗ್ತದ, ಆದ್ರ ಒಂದು ಮಾತು ತಲಿಯಾಗ ಇಟ್ಕೊಳ್ರಿ. ದಶಮಿ ಆದ ಮರುದಿನ ಏಕಾದಶಿ. ಅವತ್ತು ಅಲ್ಲಿ ಊಟ ಇರಂಗಿಲ್ಲ, ನೀರು ಸೈತ ಕುಡಿಯದೇ ಇರೋ ಹಿರಿಯರು ನಿಮ್ಮ ಪಕ್ಕದಾಗೇ ಕೂತಿರ್ತಾರ. ದಶಮಿ ರಾತ್ರಿನೂ ಅವರದು ಒಪ್ಪತ್ತು. ಸಣ್ಣ ಮಕ್ಕಳಿದ್ರ, ಶುಗರ್ ಇರೋರು ಜೊತೆಗಿದ್ರ ಬಾಳೆಹಣ್ಣು, ಅವಲಕ್ಕಿ, ಹಾಲಿನ ಪ್ಯಾಕೆಟ್ ಮೊದಲೇ ತಗೊಂಡಿರ್ರಿ, ಇನ್ನೊಬ್ಬರ ಎದುರಿಗೆ ಬಿಚ್ಚಬ್ಯಾಡ್ರಿ ಅಷ್ಟೇ. ಚಾತುರ್ಮಾಸ್ಯದ ಕೊನೇ ತಿಂಗಳು ಆದ್ದರಿಂದ ದ್ವಿದಳ ವ್ರತ ನಡೀತಿರ್ತದ, ಸಾರಿನ್ಯಾಗ ಬ್ಯಾಳಿ ಇರಂಗಿಲ್ಲ. ಬೆಂಗಳೂರಿಂದ ಬಂದಿದ್ದ ಒಬ್ಬ ಹುಡುಗ ಸಾರು ತೆಳ್ಳಗದ ಅಂತ ಮುಖ ಸಣ್ಣ ಮಾಡಿದ್ದ, ಎರಡನೇ ಸಲ ಬಡಿಸೋವಾಗ ಅವನೇ ಕೈ ಚಾಚಿದ. ಮೆಣಸು, ಜೀರಿಗಿ, ಕೊಬ್ಬರಿ ಹಾಕಿದ್ದ ಆ ಸಾರಿನ ಘಮ ನನಗೆ ಇನ್ನೂ ನೆನಪದ.

ಈಗ ಹಾಡಿನ ಮಾತು. ಹೋಗೋ ಮುಂಚೆ ಸ್ವಲ್ಪ ತಿಳ್ಕೊಂಡು ಹೋದ್ರ ಕಿವಿಗೆ ಬೇರೇನೇ ಕೇಳಿಸ್ತದ. ಪುರಂದರದಾಸರು ಹೋಗಿದ್ದು 1564ರಾಗ, ವಿಜಯದಾಸರು ಮಾನ್ವಿ ಹತ್ರ ಚೀಕಲಪರ್ವಿಯಲ್ಲಿ ಹುಟ್ಟಿದ್ದು 1682ರಾಗ, ನಡುವೆ ನೂರು ವರ್ಷಕ್ಕೂ ಮ್ಯಾಲೆ. ಕಡುಬಡತನದ ಮನಿ, ದಾಸಪ್ಪ ಅಂತ ಹೆಸರು. ಕಾಶಿಯಲ್ಲಿ ಕನಸಿನ್ಯಾಗ ಪುರಂದರದಾಸರೇ ಬಂದು ವಿಜಯವಿಠಲ ಅಂತ ಅಂಕಿತ, ಅಂದ್ರ ಪದದ ಕೊನೆಗೆ ಹಾಕೋ ಗುರುತಿನ ಹೆಸರು, ಕೊಟ್ರು ಅಂತ ನಮ್ಮ ಹಿರಿಯರು ಹೇಳ್ತಾರ. ಮುಂದ ಅವರ ಶಿಷ್ಯರು ಗೋಪಾಲದಾಸರು, ಮೋಹನದಾಸರು, ಆಮ್ಯಾಲೆ ಜಗನ್ನಾಥದಾಸರು, ಹಿಂಗ ತುಂಗಭದ್ರೆ, ಕೃಷ್ಣೆ ಸುತ್ತಮುತ್ತ ದೊಡ್ಡ ಬಳಗನೇ ಬೆಳೀತು. ಎಲ್ಲರೂ ತಾವೇ ಕಟ್ಟಿ ತಾವೇ ಹಾಡಿದೋರು. 1755ರಾಗ ವಿಜಯದಾಸರು ಚಿಪ್ಪಗಿರಿಯಲ್ಲೇ ದೇಹ ಬಿಟ್ರು, ಅದೇ ದಿನ ಈ ಆರಾಧನೆ.

ಅವರ ಸುಳಾದಿ ಕೇಳಬೇಕು ನೀವು. ದೇವರನಾಮ ಎಲ್ಲರೂ ಕೇಳಿರ್ತೀರಿ, ಭೀಮಸೇನ ಜೋಶಿಯವರ ದಾಸವಾಣಿ ಕ್ಯಾಸೆಟ್ ಇಲ್ಲದ ಮನಿ ನಮ್ಮ ಕಡೆ ಇರಲಿಲ್ಲ, ಆದ್ರ ಸುಳಾದಿ ಅಂದ್ರ ಒಂದೇ ತಾಳದಾಗ ಮುಗಿಯೋದಲ್ಲ, ಧ್ರುವ ತಾಳದಿಂದ ಸುರು ಆಗಿ ಮಟ್ಟ, ತ್ರಿವಿಡಿ, ಅಟ್ಟ, ಆದಿ ಅಂತ ಒಂದೊಂದು ನುಡಿಗೆ ಒಂದೊಂದು ತಾಳ, ನುಡಿ ಮುಗಿಯೋ ಕಡೆ ಅಂಕಿತ, ಎಲ್ಲಾದಕ್ಕೂ ಕೊನೆಗೆ ‘ಜತೆ’ ಅನ್ನೋ ಎರಡು ಸಾಲು. ತಾಳ ಬದಲಾದಾಗ ಹಾಡೋರ ಕೂರೋ ರೀತೀನೇ ಬದಲಾಗ್ತದ, ಬೆನ್ನು ನೆಟ್ಟಗಾಗ್ತದ, ಕೈ ನಿಧಾನ ಆಗ್ತದ. ಅಂಕಿತ ಕಿವಿಗೆ ಬಿದ್ದ ಕೂಡಲೇ ಯಾರ ಪದ ಅಂತ ಗುರ್ತು ಹಿಡೀರಿ, ವಿಜಯವಿಠಲ, ಗೋಪಾಲವಿಠಲ, ಜಗನ್ನಾಥವಿಠಲ, ಇಷ್ಟು ಗೊತ್ತಿದ್ರೂ ಸಾಕು, ಗುರು ಶಿಷ್ಯರು ಒಬ್ಬರಿಗೊಬ್ಬರು ಉತ್ತರ ಕೊಟ್ಟಂಗ ಕೇಳಿಸ್ತದ.

ದಶಮಿ ಸಂಜಿ ಮೈಕ್, ಹಾರ್ಮೋನಿಯಂ, ತಬಲಾ ಇಟ್ಕೊಂಡು ದಾಸವಾಣಿ ಇತ್ತು. ಚಲೋ ಹಾಡಿದ್ರು. ಸೌಂಡ್ ಬಾಕ್ಸಿನ ಪಕ್ಕ ಕೂರಬ್ಯಾಡ್ರಿ, ಸ್ವಲ್ಪ ಹಿಂದ, ಒಂದು ಬದಿಗೆ ಕೂತ್ರ ಮಾತು ಸ್ಪಷ್ಟ ಕೇಳಿಸ್ತದ, ದಾಸರ ಪದಕ್ಕ ಮಾತೇ ಮುಖ್ಯ.

ಆದ್ರ ನಾನು ಉಳೀರಿ ಅಂತ ಇಷ್ಟು ಒತ್ತಿ ಹೇಳ್ತಿರೋದು ಮರುದಿನ ನಸುಕಿಗಾಗಿ. ಮೈಕ್ ಬಂದ್ ಆಗಿತ್ತು, ಇನ್ನೂ ಕತ್ತಲ ಇತ್ತು, ಒಂದು ಮೂಲ್ಯಾಗ ಏಳೆಂಟು ಮಂದಿ ಹೆಣ್ಮಕ್ಕಳು ಕೂತು ಬರೀ ಕೈತಾಳದ ಮ್ಯಾಲೆ ಹಾಡ್ಲಿಕ್ಕೆ ಸುರು ಮಾಡಿದ್ರು. ಅತ್ತಿ ತನ್ನ ಹಾಡಿನ ಪುಸ್ತಕ ತಗೊಂಡು ಹೋಗಿ ಸೇರ್ಕೊಂಡ್ಳು. ಆ ಪುಸ್ತಕದ ಬಗ್ಗೆ ಹೇಳಬೇಕು, ಅತ್ತಿ ಓದಿದ್ದು ತೆಲುಗು ಸಾಲ್ಯಾಗ, ಕನ್ನಡ ಬರೀಲಿಕ್ಕೆ ಬರಂಗಿಲ್ಲ, ಹಂಗಾಗಿ ಇನ್ನೂರು ಹಾಳೆ ಪುಸ್ತಕದ ತುಂಬಾ ಕನ್ನಡದ ಪದ ತೆಲುಗು ಅಕ್ಷರದಾಗ ಬರ್ಕೊಂಡಾಳ. ಸುತ್ತ ನೋಡಿದ್ರ ಅಲ್ಲಿ ಕೂತಿದ್ದ ಅರ್ಧ ಮಂದಿ ಪುಸ್ತಕನೂ ಹಂಗೇ. ಕರ್ನೂಲು, ಗದ್ವಾಲ ಕಡೆ ಎಷ್ಟೋ ಮನಿಗಳಲ್ಲಿ ಹಿಂಗೇ ನಮ್ಮ ದಾಸರು ಉಳಿದಾರ. ಕನ್ನಡ ಲಿಪಿ ಗೊತ್ತಿಲ್ಲದೇ ಇರೋರ ಬಾಯಾಗ ಒಂದು ಒತ್ತಕ್ಷರ ತಪ್ಪದೇ ಬರೋ ಕನ್ನಡ ಕೇಳಿದ್ರ ಹೊಟ್ಟಿ ತುಂಬ್ತದ ನೋಡ್ರಿ.

ಅತ್ತಿ ಪುಸ್ತಕದಾಗ ಒಂದು ಸುಳಾದಿಗೆ ಅಟ್ಟ ತಾಳದ ನುಡಿನೇ ಇರಲಿಲ್ಲ, ಹಾಳಿ ಹರಿದು ಎಷ್ಟೋ ವರ್ಷ ಆಗಿತ್ತು, ಮನ್ಯಾಗ ಹಾಡೋವಾಗ ತ್ರಿವಿಡಿಯಿಂದ ಸೀದಾ ಆದಿಗೆ ಹೋಗಿಬಿಡ್ತಿದ್ಳು. ಅವತ್ತು ಅದೇ ಸುಳಾದಿ ಬಂತು. ಅತ್ತಿ ರೂಢಿಯಂತೆ ಆದಿ ತಾಳ ಎತ್ತಿಕೊಂಡ್ಳು, ಪಕ್ಕದ ಅಜ್ಜಿ ಆಕಿ ಮೊಣಕಾಲ ಮ್ಯಾಲೆ ಕೈ ಇಟ್ಟು ತಡೆದು, "ನಿಲ್ಲವ್ವಾ, ಇನ್ನೂ ಒಂದು ನುಡಿ ಅದ" ಅಂತ ತಾನೇ ಅಟ್ಟ ತಾಳ ಹಿಡಿದು ಹಾಡಿದ್ರು. ಅತ್ತಿ ಕಣ್ಣೊಳಗ ನೀರು.

ಅದಕ್ಕೇ ಹೇಳ್ತೀನಿ, ಹೋಗೋವಾಗ ಒಂದು ಖಾಲಿ ಪುಸ್ತಕ, ಎರಡು ಪೆನ್ನು ಇಟ್ಕೊಳ್ರಿ. ಆ ಹೊತ್ತಿನಲ್ಲಿ ಮೊಬೈಲ್ ಮುಖಕ್ಕ ಹಿಡೀಬ್ಯಾಡ್ರಿ, ಹಾಡೋರನ್ನ ಕೇಳ್ಕೊಂಡು ರೆಕಾರ್ಡ್ ಮಾಡ್ರಿ, ಫೋನ್ ನೆಲಕ್ಕ ಇಟ್ರೂ ಧ್ವನಿ ಬರ್ತದ. ಚಾರ್ಜ್ ಹಿಂದಿನ ರಾತ್ರಿನೇ ಮಾಡಿ ಇಟ್ಕೊಳ್ರಿ, ನಂದು ಆ ಹೊತ್ತಿಗೇ ಬಂದ್ ಆಯ್ತು. ಗಂಡಸರು ಪಂಚಿ, ಶಲ್ಯ ತಗೊಂಡು ಹೋಗ್ರಿ.

ಇನ್ನೂ ಒಂದು ದಿನ ಇರೋರು ಮಂತ್ರಾಲಯ ಸೇರಿಸ್ಕೊಳ್ರಿ, ಗುಂಟಕಲ್‌ನಿಂದ ರಾಯಚೂರು ಕಡೆ ಹೋಗೋ ರೈಲಿಗೆ ಆದೋನಿ ದಾಟಿ ಮಂತ್ರಾಲಯಂ ರೋಡ್ ಸ್ಟೇಷನ್ನು, ಅಲ್ಲಿಂದ ಮಠಕ್ಕ ಸುಮಾರು 16 ಕಿಲೋಮೀಟರ್, ಗಾಡಿ ಸಿಗ್ತಾವ. ದ್ವಾದಶಿ ಪಾರಣೆ, ಅಂದ್ರ ಏಕಾದಶಿ ಉಪವಾಸ ಬಿಡೋ ಊಟ, ಬೆಳಿಗ್ಗೆ ಬೇಗ ಇರ್ತದ, ಅದನ್ನ ನೋಡ್ಕೊಂಡು ರೈಲು ಆರಿಸ್ರಿ.

ನಾವು ಏಕಾದಶಿ ಮಧ್ಯಾಹ್ನನೇ ಆದೋನಿಗೆ ಹೊರಟ್ವಿ. ಗುಂಟಕಲ್ ಪ್ಲಾಟ್‌ಫಾರ್ಮಿನ್ಯಾಗ ರೈಲಿಗೆ ಕಾಯ್ತಾ ಅತ್ತಿ ಅಜ್ಜಿ ಬರೆದುಕೊಟ್ಟ ಚೀಟಿ ನೋಡ್ಕೊಂಡು ಆ ನುಡಿಯನ್ನ ಪುಸ್ತಕದಾಗ ಇಳಿಸ್ಕೊಂಡ್ಳು, ಜಾಗ ಸಾಲದೇ ಅಂಕಿತ ಹಾಳಿ ಅಂಚಿಗೆ ಅಡ್ಡ ಬರೆದ್ಳು.