ಚಾರ್ಜ್ ಲಿಸ್ಟ್ ಕೊಟ್ಟು ಹೋದ ಮೆಂಬರ್

ಸರ್ಕಾರಿ ಆಫೀಸಲ್ಲಿ ಒಬ್ಬ ಗುಮಾಸ್ತ ಟ್ರಾನ್ಸ್‌ಫರ್ ಆದ್ರೂ ಚಾರ್ಜ್ ಲಿಸ್ಟ್ ಬರೀಬೇಕು, ಅಂದ್ರೆ ಮುಂದಿನವರಿಗೆ ಏನೇನು ಒಪ್ಪಿಸ್ತಿದೀನಿ ಅನ್ನೋ ಪಟ್ಟಿ, ಬೀರು ಕೀ ಕೊಡಬೇಕು, ಬಾಕಿ ಫೈಲ್ ಎಷ್ಟು ಅಂತ ಎಣಿಸಿ ತೋರಿಸಬೇಕು, ಚಾರ್ಜ್ ವಹಿಸಿಕೊಟ್ಟ ಸರ್ಟಿಫಿಕೇಟ್‌ಗೆ (ಸಿಟಿಸಿ) ಇಬ್ಬರೂ ಸಹಿ ಹಾಕಿದ ಮೇಲೇ ಜಾಗ ಖಾಲಿ ಮಾಡೋದು. ಆದ್ರೆ ವರ್ಷಗಟ್ಟಲೆ ಒಂದು ವಾರ್ಡನ್ನ ನೋಡ್ಕೊಂಡಿದ್ದ ಮೆಂಬರ್ ಹೋಗುವಾಗ ಕೊಟ್ಟು ಹೋಗೋದು ಏನೂ ಇಲ್ಲ, ತಗೊಂಡು ಹೋಗೋದೇ, ಒಂದು ಶಾಲು ಒಂದು ಹಾರ ಒಂದು ಹಣ್ಣಿನ ಬುಟ್ಟಿ. ನಾನು ಒಂದು ನಗರಸಭೆಯ ಕೌನ್ಸಿಲ್ ಸೆಕ್ಷನ್‌ನಲ್ಲಿ ಕೇಸ್ ವರ್ಕರ್, ಮೀಟಿಂಗ್ ನೋಟಿಸ್ ಕಳಿಸೋದು, ಅಜೆಂಡಾ ಟೈಪ್ ಮಾಡೋದು, ನಡವಳಿ ಬರೆಯೋದು ನನ್ನ ಕೆಲಸ, ಮೆಂಬರ್‌ಗಳು ಬರೋದನ್ನೂ ನೋಡಿದೀನಿ ಹೋಗೋದನ್ನೂ ನೋಡಿದೀನಿ. 2025ರ ಮಾರ್ಚ್‌ನಲ್ಲಿ ನಮ್ಮಲ್ಲಿ ಒಬ್ರು ಸದಸ್ಯೆ ಬಿಟ್ಟು ಹೋದ ರೀತಿ ಮಾತ್ರ ಬೇರೆ ಥರ ಇತ್ತು, ಅದನ್ನ ಬರೆದಿಡೋಣ ಅನ್ನಿಸ್ತು.

ಮೊದಲು ಮಾರ್ಚ್ ಅಂದ್ರೆ ಏನು ಅಂತ ಹೇಳ್ಬೇಕು. ನಗರಸಭೆ ಅಂದ್ರೆ 50 ಸಾವಿರದಿಂದ 3 ಲಕ್ಷ ಜನ ಇರೋ ಊರು, ಚಿಕ್ಕದೂ ಅಲ್ಲ ದೊಡ್ಡದೂ ಅಲ್ಲ, ಕೆಲಸ ಮಾತ್ರ ಪಾಲಿಕೆಯಷ್ಟೇ, ಸಿಬ್ಬಂದಿ ಅದರ ಕಾಲು ಭಾಗ ಇದ್ರೆ ಪುಣ್ಯ. ಹಣಕಾಸು ವರ್ಷದ ಕೊನೇ ತಿಂಗಳು ಮಾರ್ಚ್ ಬಂತು ಅಂದ್ರೆ ಕಂಟ್ರಾಕ್ಟರ್‌ಗಳು ಅಕೌಂಟ್ಸ್ ಸೆಕ್ಷನ್ ಬಾಗಿಲಲ್ಲೇ ನಿಂತಿರ್ತಾರೆ, ಇಂಜಿನಿಯರ್‌ಗಳು ಕಾಮಗಾರಿ ಅಳತೆ ಬರೆಯೋ ಎಂಬಿ ಪುಸ್ತಕ ಕಂಕುಳಲ್ಲಿ ಇಟ್ಕೊಂಡು ಓಡಾಡ್ತಿರ್ತಾರೆ, ಬಿಲ್ ಕಲೆಕ್ಟರ್‌ಗಳು ಆಸ್ತಿ ತೆರಿಗೆ ಬಾಕಿ ಅಂತ ಮನೆ ಮನೆ ತಿರುಗ್ತಾರೆ. ಏಪ್ರಿಲ್‌ನಲ್ಲಿ ಕಟ್ಟಿದ್ರೆ ನೂರಕ್ಕೆ 5 ರಿಯಾಯಿತಿ, ಜೂನ್ ಆದ್ಮೇಲೆ ತಿಂಗಳಿಗೆ ನೂರಕ್ಕೆ 2 ದಂಡ, ಇದನ್ನ ಆಟೋದಲ್ಲಿ ಮೈಕ್ ಹಾಕಿ ಕೂಗಿಸಿದ್ರೂ ಜನ ಕಟ್ಟೋದು ಖಾತೆ ಬೇಕಾದಾಗ ಮಾತ್ರ. ಇದರ ಮಧ್ಯೆ ಸಂತೆ ಸುಂಕದ ಹರಾಜು, ಬೇಸಿಗೆಗೆ ಟ್ಯಾಂಕರ್ ನೀರಿನ ಟೆಂಡರ್, ರಾಜ್ಯ ಹಣಕಾಸು ಆಯೋಗದ (ಎಸ್‌ಎಫ್‌ಸಿ) ದುಡ್ಡಲ್ಲಿ ಎಸ್‌ಸಿ ಎಸ್‌ಟಿಗೆ ಇಟ್ಟ ಶೇ 24.10, ಇತರೆ ಬಡವರ ಶೇ 7.25, ವಿಕಲಚೇತನರ ಶೇ 5 ಖರ್ಚಾಗದೆ ಉಳಿದಿದ್ಯಾ ಅಂತ ಜಿಲ್ಲೆಯಿಂದ ದಿನಾ ಫೋನು. ಇವೆಲ್ಲದಕ್ಕೂ ಕೊನೆಗೆ ಸಾಮಾನ್ಯ ಸಭೆಯ ಒಪ್ಪಿಗೆ ಬೇಕು, ಬಜೆಟ್ ಬೇರೆ ಪಾಸಾಗಬೇಕು.

ಆ ಮೇಡಂ ಹೆಸರು ಬೇಡ. 2018ರ ಆಗಸ್ಟ್‌ನಲ್ಲಿ ಎಲೆಕ್ಷನ್ ಆದ ಬ್ಯಾಚ್ ಅವರದು. ಸೆಪ್ಟೆಂಬರ್‌ನಲ್ಲಿ ರಿಸಲ್ಟ್ ಬಂತು, ಆದ್ರೆ ಅಧ್ಯಕ್ಷ ಉಪಾಧ್ಯಕ್ಷರ ಮೀಸಲಾತಿ ಪಟ್ಟಿ ಕೋರ್ಟ್ ಮೆಟ್ಟಿಲು ಹತ್ತಿ ರಾಜ್ಯದ ತುಂಬಾ ನಗರಸಭೆ ಪುರಸಭೆಗಳಲ್ಲಿ ಮೊದಲ ಸಭೆ ನಡೆಯೋ ಹೊತ್ತಿಗೆ 2020 ಮುಗೀತಾ ಬಂದಿತ್ತು. ಎರಡು ವರ್ಷ ಗೆದ್ದೂ ಗೆಲ್ಲದ ಹಾಗೆ, ಮನೆ ಮುಂದೆ ಬೋರ್ಡ್ ಇದೆ, ಕೈಯಲ್ಲಿ ಅಧಿಕಾರ ಇಲ್ಲ. ಹೆಚ್ಚಿನವರು ಆ ಎರಡು ವರ್ಷ ಬೈಕೊಂಡು ಕಳೆದ್ರು. ಇವರು ಊರಿನ ಗ್ರಂಥಾಲಯದಲ್ಲಿ ಕೂತು ಕಾಂಪಿಟಿಟಿವ್ ಎಕ್ಸಾಮ್‌ಗೆ ಓದಿದ್ರು. ಅರ್ಧ ಸೀಟು ಮಹಿಳೆಯರಿಗೆ ಅಂತ ಇದ್ರೂ ಆಫೀಸಿಗೆ ಬರೋದು ಎಷ್ಟೋ ಸಲ ಸದಸ್ಯೆಯರ ಯಜಮಾನ್ರೇ, ಬಂದು ಕೂತು 'ನಮ್ ವಾರ್ಡು' ಅಂತ ಮಾತು ಶುರು ಮಾಡ್ತಾರೆ. ಈ ಮೇಡಂ ಯಜಮಾನ್ರ ಮುಖ ನಾನು ನೋಡಿದ್ದು ಬೀಳ್ಕೊಡುಗೆ ದಿನವೇ.

ಗ್ರಂಥಾಲಯದಲ್ಲಿ ಕೂತಿದ್ದರಿಂದ ನಮಗೊಂದು ತಲೆನೋವೂ ಬಂತು ಅನ್ನಿ. ಆಸ್ತಿ ತೆರಿಗೆ ಜೊತೆ ನಾವು ನೂರಕ್ಕೆ 6 ಗ್ರಂಥಾಲಯ ಕರ, ನೂರಕ್ಕೆ 3 ಭಿಕ್ಷುಕರ ಕರ ವಸೂಲಿ ಮಾಡ್ತೀವಲ್ಲ, ಅದು ನಮ್ಮ ದುಡ್ಡಲ್ಲ, ಆಯಾ ಇಲಾಖೆಗೆ ಕಟ್ಟಬೇಕಾದ್ದು. ಎಷ್ಟೋ ಕಡೆ ಅದು ಕಟ್ಟದೇ ಉಳಿದಿರುತ್ತೆ, ಸಂಬಳಕ್ಕೋ ಕರೆಂಟ್ ಬಿಲ್‌ಗೋ ಕರಗಿರುತ್ತೆ. ಒಂದು ಬಜೆಟ್ ಸಭೆಯಲ್ಲಿ ಎಲ್ಲರೂ ಉಳಿತಾಯ ಬಜೆಟ್ ಅಂತ ಮೇಜು ತಟ್ತಾ ಇದ್ರೆ ಇವರು ಎದ್ದು, 'ಲೈಬ್ರರಿಗೆ ಕೊಡಬೇಕಾದ್ದು ಕೊಟ್ರೆ ಉಳಿತಾಯ ಎಷ್ಟು ಉಳಿಯುತ್ತೆ ಸರ್, ಅಲ್ಲಿ ಪೇಪರ್ ತರಿಸೋದೂ ಕಮ್ಮಿ ಮಾಡಿದಾರೆ' ಅಂದ್ರು. ಅಕೌಂಟೆಂಟ್ ನೀರು ಕುಡಿದ್ರು. ಆ ವರ್ಷ ಒಂದಷ್ಟು ಕಂತು ಕಟ್ಟಿದ್ವಿ.

ಆಮೇಲೆ ಅವರಿಗೆ ಹಾಸ್ಟೆಲ್ ವಾರ್ಡನ್ ಕೆಲಸ ಆಯ್ತು, ಬೇರೆ ಜಿಲ್ಲೆಗೆ ಪೋಸ್ಟಿಂಗ್. ಸರ್ಕಾರಿ ನೌಕರಿ ಮತ್ತು ನಗರಸಭೆ ಸದಸ್ಯತ್ವ ಎರಡೂ ಒಟ್ಟಿಗೆ ಇರೋಕಾಗಲ್ಲ, ರಾಜೀನಾಮೆ ಕೊಡಲೇಬೇಕು. ಅಧ್ಯಕ್ಷರಿಗೆ ಚಿಂತೆ, ಬಜೆಟ್‌ಗೆ ಒಂದು ವೋಟು ಕಮ್ಮಿ ಆಗುತ್ತಲ್ಲ ಅಂತ. ಕೊನೆಗೆ ಬಜೆಟ್ ಸಭೆ ಮುಗಿಸಿಕೊಂಡೇ ಪತ್ರ ಕೊಡ್ತೀನಿ ಅಂತ ಒಪ್ಪಿದ್ರು. ಬೀಳ್ಕೊಡುಗೆಯೂ ಅದೇ ಸಭೆಯಲ್ಲಿ.

ಈಗ ನನ್ನ ಸಮಸ್ಯೆ ಕೇಳಿ. ಸಾಮಾನ್ಯ ಸಭೆಗೆ ಏಳು ದಿನ ಮೊದಲೇ ನೋಟಿಸ್ ಹೋಗಬೇಕು, ಅಜೆಂಡಾ ಆಗ್ಲೇ ಪ್ರಿಂಟ್ ಆಗಿ ಮನೆ ಮನೆ ತಲುಪಿತ್ತು. ಹಿಂದಿನ ಸಭೆಯ ನಡವಳಿ ದೃಢೀಕರಣ, ಜನವರಿ ಮತ್ತು ಫೆಬ್ರವರಿ ಮಾಹೆಯ ಜಮಾ-ಖರ್ಚು, ಆಯವ್ಯಯ, ಆಮೇಲೆ ಕಾಮಗಾರಿಗಳು. ಬೀಳ್ಕೊಡುಗೆಗೆ ಜಾಗ ಎಲ್ಲಿ? ನಮ್ಮ ಎಲ್ಲಾ ಅಜೆಂಡಾದ ಕೊನೇ ಸಾಲು ಒಂದಿರುತ್ತೆ, 'ಅಧ್ಯಕ್ಷರ ಅಪ್ಪಣೆ ಮೇರೆಗೆ ಬರುವ ಇತರೆ ವಿಷಯಗಳು'. ಎಲ್ಲೂ ಸೇರದ್ದು ಅಲ್ಲಿ ಸೇರುತ್ತೆ, ಸಂತಾಪವೂ ಅಲ್ಲೇ ಅಭಿನಂದನೆಯೂ ಅಲ್ಲೇ. ಶಾಲು ಪೇಟ ಹಾರದ ಖರ್ಚು ಯಾವ ಲೆಕ್ಕ ಶೀರ್ಷಿಕೆಗೆ ಅಂತ ಕೇಳಿದ್ದಕ್ಕೆ ಅಕೌಂಟೆಂಟ್ 'ಯಾವುದಕ್ಕೂ ಇಲ್ಲ, ಆಡಿಟ್‌ನವರು ಆಕ್ಷೇಪಣೆ ಹಾಕಿದ್ರೆ ನಿಮ್ಮ ಸಂಬಳದಲ್ಲಿ ವಸೂಲಿ' ಅಂದ್ರು, ಹಾಗಾಗಿ ಕವರ್ ಹಿಡ್ಕೊಂಡು ಟೇಬಲ್ ಟೇಬಲ್‌ಗೆ ಹೋಗಿ ಚಂದಾ ಎತ್ತಿದ್ವಿ. ಲೈಬ್ರರಿ ವಿಷಯಕ್ಕೆ ಅಷ್ಟೊಂದು ಉರ್ಕೊಂಡಿದ್ದ ಅದೇ ಅಕೌಂಟೆಂಟ್ ಎಲ್ಲರಿಗಿಂತ ಜಾಸ್ತಿ ಹಾಕಿದ್ರು.

ಸಭೆ ನಡೆದದ್ದು ಯಾವಾಗಿನ ಹಾಗೇ. ಮಳಿಗೆ ಬಾಡಿಗೆ ಬಾಕಿ ವಿಷಯಕ್ಕೆ ಒಂದಷ್ಟು ಜನ ಬಾವಿಗಿಳಿದ್ರು, ಟ್ಯಾಂಕರ್ ನೀರಿನ ಬಿಲ್‌ಗೆ ಜಗಳ ಆಯ್ತು, ಪೌರಾಯುಕ್ತರು 'ಪರಿಶೀಲಿಸಿ ಕ್ರಮ ವಹಿಸಲಾಗುವುದು' ಅಂದ್ರು, ಬಜೆಟ್ ಪಾಸಾಯ್ತು. ಆಮೇಲೆ ಖಾರಾಬಾತ್ ಕೇಸರಿಬಾತ್ ವಾಸನೆ ಹಾಲ್ ಒಳಗೆ ಬರೋ ಹೊತ್ತಿಗೆ ಭಾಷಣ ಶುರು. ವಿರೋಧ ಪಕ್ಷದ ಹಿರಿಯರೊಬ್ರು, ಈ ಮೇಡಂ ಜೊತೆ ನೀರಿನ ವಿಷಯಕ್ಕೆ ಜಗಳ ಆಡದ ಮೀಟಿಂಗೇ ಇಲ್ಲ ಅನ್ನಬಹುದು, ಅವರು ಎದ್ದು 'ನಮ್ಮಮ್ಮ ವಾರ್ಡ್ ಬಿಟ್ಟು ವಾರ್ಡನ್ ಆಗ್ತಾ ಇದಾಳೆ, ಆ ಹಾಸ್ಟೆಲ್ ಮಕ್ಕಳಿಗೆ ನೀರಿನ ತೊಂದ್ರೆ ಆಗಲ್ಲ ಬಿಡಿ' ಅಂದಾಗ ಎಲ್ಲರೂ ನಕ್ಕರು.

ಮೇಡಂ ಸರದಿ ಬಂತು. ಎರಡು ಮಾತಾಡಿ, ಪರ್ಸ್‌ನಿಂದ ಎರಡು ಹಾಳೆ ತೆಗೆದ್ರು, ಹಿಂದೆ ಮುಂದೆ ಎರಡೂ ಕಡೆ ಬರೆದದ್ದು. 'ಅಧ್ಯಕ್ಷರೇ, ಇದು ನನ್ನ ವಾರ್ಡಿನ ಚಾರ್ಜ್ ಲಿಸ್ಟು. ನಾಳೆಯಿಂದ ನಾನೂ ನೌಕರಳೇ, ಹಾಗಾಗಿ ಪದ್ಧತಿ ಪ್ರಕಾರ ಕೊಟ್ಟು ಹೋಗ್ತೀನಿ. ಓದೋದು ಬೇಡ, ನಡವಳಿಗೆ ಅನುಬಂಧ ಮಾಡಿಸಿ' ಅಂದು ನನ್ನ ಟೇಬಲ್ ಕಡೆ ನೋಡಿದ್ರು.

ಅನುಬಂಧ ಯಾಕೆ ಅಂತ ಹೊರಗಿನವರಿಗೆ ಗೊತ್ತಾಗಲ್ಲ. ಸಭೆಯಲ್ಲಿ ಎರಡು ಗಂಟೆ ಮಾತಾಡಿದ್ರೂ ನಡವಳಿಗೆ ಬರೋದು 'ಸದಸ್ಯರು ಚರ್ಚಿಸಿ ಸರ್ವಾನುಮತದಿಂದ ಒಪ್ಪಲಾಯಿತು' ಅನ್ನೋ ಒಂದೇ ಸಾಲು. ಮೈಕ್ ಮುಂದೆ ಹೇಳಿದ್ದು ಮರುದಿನ ಪೇಪರಲ್ಲಿ ಬರಬಹುದು, ಫೈಲ್‌ನಲ್ಲಿ ಬರಲ್ಲ. ಮುಂದಿನ ಅಧಿಕಾರಿ ತೆರೆದು ನೋಡೋದು ಫೈಲ್, ಆಡಿಟ್‌ನವರು ಕೇಳೋದು ನಡವಳಿ. ಆರೇಳು ವರ್ಷದಲ್ಲಿ ಮೇಡಂ ಇದನ್ನ ಸರಿಯಾಗಿ ತಿಳ್ಕೊಂಡಿದ್ರು.

ಆ ಪಟ್ಟಿಯಲ್ಲಿ ನನ್ನ ರಸ್ತೆ ಮಾಡಿ, ನನ್ನ ಪಾರ್ಕ್ ಮಾಡಿ ಅಂತ ಬೇಡಿಕೆ ಇರಲಿಲ್ಲ. ಇದ್ದದ್ದು ವಾರ್ಡ್ ಬಗ್ಗೆ ಅವರಿಗೆ ಮಾತ್ರ ಗೊತ್ತಿದ್ದ ಸಂಗತಿಗಳು. ಉದಾಹರಣೆಗೆ ಒಂದು ಸಾಲು ಹೀಗಿತ್ತು: ಮೂರನೇ ಕ್ರಾಸ್ ನೀರಿನ ವಾಲ್ವ್ ಸಿಸಿ ರಸ್ತೆ ಕೆಳಗೆ ಮುಚ್ಚಿಹೋಗಿದೆ, ಹಿಟ್ಟಿನ ಗಿರಣಿ ಮುಂದಿನ ಮೋರಿಯಿಂದ ಎಂಟು ಅಡಿ ಬಸ್‌ಸ್ಟ್ಯಾಂಡ್ ಕಡೆಗೆ, ರಿಟೈರ್ ಆದ ವಾಲ್ವ್‌ಮನ್ ತೋರಿಸಿದ್ದು. ಇನ್ನೊಂದು, ಆರನೇ ಕ್ರಾಸ್ ಚರಂಡಿ ಕಾಮಗಾರಿ ಅರ್ಧಕ್ಕೆ ನಿಂತಿದೆ, ಕಾರಣ ಮೂಲೆ ಮನೆಯವರ ಮೆಟ್ಟಿಲು ಚರಂಡಿ ಜಾಗದ ಮೇಲಿದೆ, ಅವರು ಒಡೆಯೋಕೆ ಒಪ್ಪಿದಾರೆ, ಯಾರೂ ಹೋಗಿ ಮತ್ತೆ ಕೇಳಿಲ್ಲ. ಮತ್ತೊಂದು, ಅಂಗನವಾಡಿ ಪಕ್ಕದ ಬೀದಿದೀಪದ ಸ್ವಿಚ್ ಬಾಕ್ಸ್ ತೆರೆದೇ ಇರುತ್ತೆ, ಬೀಗ ಹಾಕಿದ್ರೆ ಕಿತ್ತು ಹಾಕ್ತಾರೆ, ಎತ್ತರಕ್ಕೆ ಏರಿಸಬೇಕು. ಪ್ರತಿ ಸಾಲಿನ ಮುಂದೆ ಅರ್ಜಿ ಕೊಟ್ಟ ತಾರೀಖು, ಟಪಾಲು ನಂಬರು, ಫೈಲ್ ಯಾರ ಟೇಬಲ್ ಮೇಲಿದೆ ಅನ್ನೋದೂ ಇತ್ತು. ಕೆಲವು ಸಾಲಿಗೆ ನನ್ನ ಹೆಸರೇ ಇತ್ತು, ಇರಲಿ.

ಇಂಜಿನಿಯರ್ ಸ್ವಲ್ಪ ಗೊಣಗಿದ್ರು, ಇದೆಲ್ಲ ನಡವಳಿಗೆ ಹಾಕೋ ವಿಷಯನಾ, ಅನುಬಂಧ ಅಂದ್ರೆ ಅಂದಾಜು ಪಟ್ಟಿ ಕ್ರಿಯಾ ಯೋಜನೆ ಇಂಥದ್ದು ಅಂತ. ಅವರು ಹೇಳೋದೂ ಪೂರ್ತಿ ತಪ್ಪಲ್ಲ, ಎಲ್ಲರೂ ಹೀಗೆ ಕೊಡೋಕೆ ಶುರು ಮಾಡಿದ್ರೆ ನಡವಳಿ ಪುಸ್ತಕ ಹೊರೋಕೆ ಆಳು ಬೇಕಾಗುತ್ತೆ. ಆದ್ರೆ ಬೀಳ್ಕೊಡುಗೆ ದಿನ ಬೇಡ ಅನ್ನೋ ಧೈರ್ಯ ಯಾರಿಗಿದೆ, ಅಧ್ಯಕ್ಷರು 'ಹಾಕ್ರೀ, ಹಾಕ್ರೀ' ಅಂದ್ರು. ಕಡತಕ್ಕೆ ಬಂದ ಮೇಲೆ ಪೌರಾಯುಕ್ತರು ಪ್ರತಿ ಸಾಲಿನ ಮುಂದೆ ಯಾವ ಶಾಖೆ ಅಂತ ಬರೆದು ಪ್ರತಿ ಕಳಿಸೋಕೆ ಹೇಳಿದ್ರು.

ಅದರ ಬೆಲೆ ಗೊತ್ತಾಗಿದ್ದು ಏಪ್ರಿಲ್ ಮೇ ಬಿಸಿಲಲ್ಲಿ. ಅವಧಿ ಮುಗಿಯೋಕೆ ಕೆಲವೇ ತಿಂಗಳು ಇತ್ತು, ಉಪಚುನಾವಣೆ ಆಗಲಿಲ್ಲ, ವಾರ್ಡ್‌ಗೆ ಮೆಂಬರೇ ಇಲ್ಲ. ಮೂರನೇ ಕ್ರಾಸ್‌ಗೆ ನೀರು ಬರ್ತಿಲ್ಲ ಅಂತ ಹೆಂಗಸರು ಕೊಡ ತಗೊಂಡು ಆಫೀಸ್ ಮುಂದೆ ಬಂದ್ರು. ಹೊಸ ಜೂನಿಯರ್ ಇಂಜಿನಿಯರ್ (ಜೆಇ) ಗಾಬರಿ, ಡ್ರಾಯಿಂಗ್‌ನಲ್ಲಿ ವಾಲ್ವೇ ಇಲ್ಲ. ಅನುಬಂಧ ತೆಗೆದು ಕೊಟ್ಟೆ. ಗಿರಣಿ ಮುಂದೆ ಟೇಪ್ ಹಿಡಿದು ಕಾಂಕ್ರೀಟ್ ಒಡೆಸಿದ್ರು, ವಾಲ್ವ್ ಹೇಳಿದ ಜಾಗದಿಂದ ಒಂದು ಅಡಿ ಆಚೆ ಸಿಕ್ತು, ತುಕ್ಕು ಹಿಡಿದು ಮುಕ್ಕಾಲು ಮುಚ್ಚಿಕೊಂಡಿತ್ತು. ಅವತ್ತಿನ ಮಟ್ಟಿಗೆ ಒಂದು ಟ್ಯಾಂಕರ್ ಬಾಡಿಗೆ ಉಳೀತು ಅಂತ ಅಕೌಂಟೆಂಟ್ ಲೆಕ್ಕ ಹಾಕಿದ್ರು.

ಚರಂಡಿದು ಇನ್ನೂ ಚೆನ್ನಾಗಿದೆ. 2025-26 ಅಂದ್ರೆ 15ನೇ ಹಣಕಾಸು ಆಯೋಗದ ಕೊನೇ ವರ್ಷ, ಅದರಲ್ಲಿ ನಮ್ಮಂಥ ಊರುಗಳಿಗೆ ಶೇ 60 ನಿರ್ಬಂಧಿತ ಅನುದಾನ, ಅರ್ಧ ಕುಡಿಯೋ ನೀರಿಗೆ ಅರ್ಧ ನೈರ್ಮಲ್ಯಕ್ಕೆ, ಬೇರೆ ಯಾವುದಕ್ಕೂ ಮುಟ್ಟೋ ಹಾಗಿರಲಿಲ್ಲ. ಕ್ರಿಯಾ ಯೋಜನೆ ಮಾಡುವಾಗ ಪ್ರತಿ ಮೆಂಬರೂ ತನ್ನ ವಾರ್ಡಿನ ಹೆಸರು ಹೇಳಿಸಿಕೊಳ್ತಾರೆ, ಮೆಂಬರ್ ಇಲ್ಲದ ವಾರ್ಡಿಗೆ ಕೇಳೋರು ಯಾರು. ಅನುಬಂಧದಲ್ಲಿ ಇತ್ತು ಅನ್ನೋ ಒಂದೇ ಕಾರಣಕ್ಕೆ ಆ ಚರಂಡಿಯನ್ನ ಮುಂದುವರಿದ ಕಾಮಗಾರಿ ಅಂತ ಸೇರಿಸಿದ್ರು, ಮೂಲೆ ಮನೆಯವರು ನಿಜವಾಗಿಯೂ ಮೆಟ್ಟಿಲು ಒಡೆಯೋಕೆ ಬಿಟ್ರು. ಸ್ವಿಚ್ ಬಾಕ್ಸ್ ಮಾತ್ರ ಇನ್ನೂ ಹಾಗೇ ಇದೆ, ಅದು ಕರೆಂಟ್ ಕಂಪನಿ ಎಸ್ಕಾಂನವರದಾ ನಮ್ಮದಾ ಅನ್ನೋ ಪತ್ರ ವ್ಯವಹಾರ ನಡೀತಾ ಇದೆ.

ಸಂವಿಧಾನದ 243ಯು ಪ್ರಕಾರ ಮೊದಲ ಸಭೆಯಿಂದ ಐದು ವರ್ಷ, ಹಾಗಾಗಿ 2025ರ ಕೊನೆಗೆ ಇಡೀ ಕೌನ್ಸಿಲ್ ಅವಧಿಯೇ ಮುಗಿಯೋದಿತ್ತು. ಕೊನೇ ಸಭೆ ನೋಟಿಸ್ ಜೊತೆ ನಾನು ಪೌರಾಯುಕ್ತರನ್ನ ಕೇಳಿ ಒಂದು ಖಾಲಿ ಫಾರಂ ಲಗತ್ತಿಸಿದೆ: ವಾರ್ಡ್ ನಂಬರ್, ವಿಷಯ, ಜಾಗದ ಗುರುತು, ಫೈಲ್ ಯಾರ ಹತ್ರ. ವಾಪಸ್ ಬಂದದ್ದು ಅರ್ಧಕ್ಕಿಂತ ಕಮ್ಮಿ. ಕೆಲವರು ಫೋಟೋ ಇರೋ ಲೆಟರ್‌ಹೆಡ್‌ನಲ್ಲಿ ತಾವು ಮಾಡಿದ ಸಾಧನೆ ಬರ್ಕೊಟ್ರು, ಒಬ್ರು ತಮ್ಮ ಅಣ್ಣನ ಸೈಟಿನ ಖಾತೆ ಬಾಕಿ ಇದೆ ಅಂತ ಒಂದೇ ಸಾಲು. ಆ ನೀರಿನ ಜಗಳದ ಹಿರಿಯರು ಮಾತ್ರ ಮಗಳ ಕೈಲಿ ಟೈಪ್ ಮಾಡಿಸಿ ನಾಲ್ಕು ಪುಟ ತಂದ್ರು, ಅದರಲ್ಲಿ ಊರಿನ ಹಳೇ ಭಾಗದ ಮುಚ್ಚಿಹೋದ ವಾಲ್ವ್‌ಗಳದ್ದೇ ಒಂದು ಪುಟ. ಜೆಇ ಅದನ್ನ ಕೇಳಿ ಪಡ್ಕೊಂಡು ಹೋಗಿ ಈಗ ವಾಲ್ವ್‌ಮನ್ ಜೊತೆ ಒಂದೊಂದೇ ಜಾಗ ನೋಡಿ ಮ್ಯಾಪ್‌ನಲ್ಲಿ ಗುರುತು ಹಾಕ್ತಾ ಇದಾರೆ, ಮಾರ್ಕೆಟ್ ರೋಡ್‌ವರೆಗೆ ಆಗಿದೆ, ಕೋಟೆ ಬೀದಿ ಬಾಕಿ.